ಹೂವಾಡಗಿತ್ತಿಯ ಕುಣಿತಕ್ಕೆ ಇಜಾಜತ್

ಅಥವಾ ಅಂದು ಬಿಸಿಲೇ ಇರಲಿಲ್ಲವೇನೋ. ಕಮಲಾಪುರದ ಆ ಮಧ್ಯಾಹ್ನವನ್ನು ನೆನೆದಾಗಲೆಲ್ಲ ಕಣ್ಣು ಕುಕ್ಕುವ ಬಿಸಿಲು ಕಾಣುತ್ತದೆ, ಆದರೆ ಒಬ್ಬರಾದರೂ ತಲೆಯ ಮೇಲೆ ಬಟ್ಟೆ ಹಾಕಿಕೊಂಡದ್ದು ನೆನಪಿಲ್ಲ. ಎರಡರಲ್ಲಿ ಒಂದನ್ನು ನಾನು ಆಮೇಲೆ ಸೇರಿಸಿರಬೇಕು.

ನಿಜಾಮರ ಆಳ್ವಿಕೆಯ ಕಾಲ. ನಾವು ಕಲಬುರ್ಗಿಯ ಎಂಟು ಹತ್ತು ಗೆಳೆಯರು. ಹಗಲು ಅಂಗಡಿ, ಕಚೇರಿ, ಸಂಜೆ ನಾಟಕದ ತಾಲೀಮು. ಆ ವರ್ಷದ್ದು, ಹೂವಾಡಗಿತ್ತಿಯೊಬ್ಬಳು ಜಂಬದ ರಾಜನನ್ನು ಕುಣಿಸಿ ಕುಣಿಸಿ ಸುಸ್ತು ಮಾಡುವ ಕಥೆ. ಮಾತಿಗಿಂತ ಹಾಡು ಹೆಚ್ಚು, ಹಾಡಿಗಿಂತ ಕುಣಿತ ಹೆಚ್ಚು. ಹೂವಾಡಗಿತ್ತಿಯಾದವನು ಗಂಜ್ ಎಂಬ ಧಾನ್ಯದ ಪೇಟೆಯಲ್ಲಿ ತೊಗರಿ ತೂಗುವ ನನ್ನ ಗೆಳೆಯ. ಪಾತ್ರಕ್ಕಾಗಿ ಮೀಸೆ ಬೋಳಿಸಿದ್ದ. "ಏನವ್ವಾ, ಇವತ್ತ ತೊಗರಿ ಹ್ಯಾಂಗ?" ಎಂದು ಹಮಾಲರು ಕೆಣಕಿದರೆ, "ಬಾ ಮಗನ, ನಿನ್ನೂ ತಕ್ಕಡ್ಯಾಗ ಕುಂದ್ರಸ್ತೀನಿ" ಎನ್ನುತ್ತಿದ್ದ.

ಅದು ಅವನ ಕೊನೆಯ ಆಟ. ಮುಂದಿನ ತಿಂಗಳು ಮದುವೆ. ಹೆಣ್ಣಿನ ತಂದೆ ನೇರವಾಗಿಯೇ ಹೇಳಿದ್ದರು: "ಇದೊಂದು ಆಡಿ ಬಿಡ್ರಿ. ಆಮ್ಯಾಲ ಮೀಸಿ ಬೆಳಸ್ರಿ, ಸೀರಿ ನಮ್ಮ ಮಗಳು ಉಡ್ತಾಳ." ಅವನು ನಕ್ಕು ಒಪ್ಪಿದ. ಅಂದಿನಿಂದ ತಾಲೀಮಿಗೆ ಎಲ್ಲರಿಗಿಂತ ಮೊದಲೇ ಬಂದು ಗೆಜ್ಜೆ ಕಟ್ಟತೊಡಗಿದ. ಕಲಬುರ್ಗಿಯಲ್ಲಿ ಆಡಿದರೆ ಗಂಜಿನವರು ಬದುಕಗೊಡುವುದಿಲ್ಲ, ಹತ್ತಿರದ ಕಮಲಾಪುರದಲ್ಲೇ ಆಡೋಣ ಎಂದು ಹಟ ಹಿಡಿದವನೂ ಅವನೇ.

ನಾಟಕಕ್ಕೆ ಸರ್ಕಾರದ ಇಜಾಜತ್, ಅಂದರೆ ಪರವಾನಗಿ, ಬೇಕು; ಇಜಾಜತ್ ಸಿಗಬೇಕೆಂದರೆ ಇಡೀ ನಾಟಕದ ಉರ್ದು ತರ್ಜುಮೆ ಒಪ್ಪಿಸಬೇಕು. ಆ ಕೆಲಸ ಉರ್ದು ಶಾಲೆಯಲ್ಲಿ ಓದಿದ್ದ ನನ್ನದು. ಮಾತು ಬರೆದೆ, ಹಾಡು ಬರೆದೆ. ಕುಣಿತ ಬರೆಯಬೇಕೆಂದು ಹೊಳೆಯಲೇ ಇಲ್ಲ.

ಕತ್ತಲಾದ ಮೇಲೆ ಜನ ಸೇರುವಂತಿರಲಿಲ್ಲವಾದ್ದರಿಂದ ಮಧ್ಯಾಹ್ನವೇ ಸಂತೆಯ ಬಯಲಿನಲ್ಲಿ ಆಟ. ಅಮೀನರು, ಅಂದರೆ ಪೊಲೀಸ್ ಅಧಿಕಾರಿ, ನನ್ನ ಕಾಗದ ಹಿಡಿದು ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಪರದೆಯ ಹಿಂದಿನಿಂದ ಗೆಜ್ಜೆಯ ಸದ್ದು ಬಂದದ್ದೇ ಹಾಳೆ ತಿರುವಿ ತಿರುವಿ ನೋಡಿದರು.

"ಕುಣಿತ ಎಲ್ಲದ? ಕಾಗಜದಾಗ ಇಲ್ಲದ್ದು ಇಲ್ಲಿ ನಕ್ಕೋ, ಬ್ಯಾಡ."

ಒಳಗೆ ಹೋಗಿ ಹೇಳಿದೆ. ಗೆಳೆಯ ನನ್ನ ಅಂಗಿ ಹಿಡಿದ. "ಎಲ್ಲಾರ ಬಾಯಿ ಬರದಿ, ನನ್ನ ಕಾಲಷ್ಟ ಮರತಿ? ಇವತ್ತ ಬಿಟ್ರ ಇವು ಮತ್ಯಾವಾಗ ಕುಣೀಬೇಕೋ?"

ಓಡಿ ಬಂದೆ. "ಸಾಹೇಬರ, ಈಗೇ ಬರದು ಕೊಡ್ತೀನ್ರಿ."

ಅಮೀನರು ಗಡಿಯಾರ ನೋಡಿದರು. "ಬರಿ. ಸಾಫ್ ಬರಿ."

ಬಾಳೆಗೊನೆ ಇಳಿಸುತ್ತಿದ್ದ ಬಂಡಿಯೊಂದರ ಮರೆಯಲ್ಲಿ ಅವನು ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಕುಣಿದ, ನಾನು ಬರೆದೆ. ಬಲಗಾಲು ಎರಡು ಸಲ, ಎಡಗಾಲು ಒಂದು, ಸುತ್ತು, ಸೊಂಟದ ಮೇಲೆ ಕೈ.

"ಕಣ್ಣ ಹೊಡಿಯೋದು ಬರದಿ?"

"ಅದು ಬ್ಯಾಡೋ, ಹಿಡದು ಒಳಗ ಹಾಕ್ತಾರ."

ಹಾರ್ಮೋನಿಯಂ ಪೇಟಿ ಬಾರಿಸುವವ ನಕ್ಕು ನಕ್ಕು ಕೆಮ್ಮಿದ. ಒಂದೂವರೆ ಪುಟವಾಯಿತು. ಒಂದೂವರೆ ಎನ್ನುತ್ತೇನೆ, ಎರಡೂ ಇರಬಹುದು.

ಅಮೀನರು ಸಹಿ ಹಾಕಿ, ನನ್ನನ್ನು ಪಕ್ಕದಲ್ಲೇ ಕೂಡಿಸಿಕೊಂಡು, ಆಟ ಶುರುವಾಗಲಿ ಎಂದರು. ಕುಣಿತ ಬಂದಾಗ ಮೊದಲ ಸಾಲಿನ ಮೇಲೆ ಬೆರಳಿಟ್ಟರು. ಬಲಗಾಲು ಎರಡು: ಬೆರಳು ಸರಿಯಿತು. ಸುತ್ತು: ಸರಿಯಿತು. ಗೆಳೆಯ ಪರೀಕ್ಷೆ ಬರೆಯುವವನಂತೆ ಕುಣಿಯುತ್ತಿದ್ದ, ಜನ ಆಕಳಿಸುತ್ತಿದ್ದರು.

ಬರೆದದ್ದು ಮುಗಿಯಿತು. ಪೇಟಿ ನಿಲ್ಲಲಿಲ್ಲ. ಗೆಜ್ಜೆಯೂ ನಿಲ್ಲಲಿಲ್ಲ. ಜನ ಒಮ್ಮೆಗೇ ಹೋ ಎಂದರು, ಸೀಟಿ ಹೊಡೆದರು, "ವ್ಹಾರೆ ನಮ್ಮವ್ವಾ!" ಎಂದು ಯಾರೋ ಕೂಗಿದರು.

ಅಮೀನರ ಬೆರಳು ಕೊನೆಯ ಸಾಲಿನ ಕೆಳಗೆ ನಿಂತಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಅದು ಮೇಲೆದ್ದರೆ ಆಟ ಮುಗಿದಂತೆ. ಸ್ವಲ್ಪ ಹೊತ್ತಿಗೆ ಬೆರಳು ಖಾಲಿ ಜಾಗದಲ್ಲೇ ನಿಧಾನವಾಗಿ ಕೆಳಗಿಳಿಯಿತು, ಅಲ್ಲಿ ಏನೋ ಬರೆದಿದೆ ಎಂಬಂತೆ. ಪುಟದ ತುದಿ ಮುಟ್ಟಿತು. ಮತ್ತೆ ಮೇಲಿನಿಂದ ಶುರುವಾಯಿತು.

ಬಂಡಿಯಲ್ಲಿ ಮರಳುವಾಗ ಗೆಳೆಯ ಕೇಳಿದ, "ಕಡೀಕಿಂದು ಹ್ಯಾಂಗಿತ್ತೋ?"

"ಭಾರಿ," ಎಂದೆ.

ಅವನು ಮೀಸೆ ಬಿಟ್ಟ, ಮತ್ತೆ ಗೆಜ್ಜೆ ಕಟ್ಟಲಿಲ್ಲ. ಅಮೀನರು ಬೇಕೆಂದೇ ಬಿಟ್ಟರೋ, ಕುಣಿತದಲ್ಲಿ ಮೈಮರೆತಿದ್ದರೋ, ನನಗೆ ತಿಳಿಯದು. ಅವನು ಕೊನೆಗೆ ಏನು ಕುಣಿದನೆಂಬುದೂ ತಿಳಿಯದು. ನಾನು ನೋಡಲಿಲ್ಲ.