ಅಕ್ಕನ ಎಲೆ

ಮಳೆಗಾಲದ ಆಟಿ ತಿಂಗಳು ಬಂದರೆ ಸತ್ತವರಿಗೆ ಬಡಿಸುವ ಕ್ರಮ ಕಾಪುವಿನ ನಮ್ಮ ಮನೆಯಲ್ಲೂ ಇತ್ತು. ಮುಸ್ಸಂಜೆ ಒಳಕೋಣೆಯಲ್ಲಿ ಸಾಲಾಗಿ ಬಾಳೆಲೆ ಹಾಕಿ, ನೀರುದೋಸೆ, ಕೋಳಿ ಸಾರು ಬಡಿಸಿ, ಬಾಗಿಲು ಮುಚ್ಚಿ ಎಲ್ಲರೂ ಜಗಲಿಯಲ್ಲಿ ಮಾತಿಲ್ಲದೆ ಕೂರಬೇಕು. ಸ್ವಲ್ಪ ಹೊತ್ತಿನ ಮೇಲೆ ಕೆಮ್ಮಿ ಬಾಗಿಲು ತೆರೆಯುವುದು. ಎಲೆಯ ಮೇಲಿನದು ಒಂದಿಷ್ಟು ಕದಲಿದ್ದರೆ ಅವರು ಬಂದು ಉಂಡಿದ್ದಾರೆ ಎಂದರ್ಥ.

ಐವತ್ತರ ದಶಕದ ಮೊದಲಿಗೆ ಆ ಸಾಲಿಗೆ ಒಂದು ಎಲೆ ಹೆಚ್ಚಾಯಿತು. ನನಗಿಂತ ಎರಡು ವರ್ಷ ದೊಡ್ಡವಳಾದ ಅಕ್ಕ ಒಂಬತ್ತನೆಯ ವಯಸ್ಸಿನಲ್ಲೇ ಜ್ವರದಿಂದ ಹೋಗಿಬಿಟ್ಟಿದ್ದಳು. ನಾಳೆ ಇಳಿದೀತು ಎಂದು ಅಮ್ಮ ಒಂದು ದಿನ ಕಾದು, ಆಮೇಲೆ ಉಡುಪಿಯ ಆಸ್ಪತ್ರೆಗೆ ಕರೆದೊಯ್ದಿದ್ದರು. ಆ ಒಂದು ದಿನ ಅಮ್ಮನನ್ನು ಬಿಡಲಿಲ್ಲ. ಎರಡು ವರ್ಷ ಅಕ್ಕನ ಎಲೆ ಬಡಿಸಿದ ಹಾಗೆಯೇ ಇತ್ತು. "ಅವಳಿಗೆ ನನ್ನ ಮೇಲೆ ಕೋಪ ಉಂಟು," ಎಂದು ಅಮ್ಮ ಎರಡು ವರ್ಷವೂ ಉಣ್ಣದೆ ಮಲಗಿದರು.

ಮೂರನೆಯ ವರ್ಷ ಎಲ್ಲರೂ ಜಗಲಿಯಲ್ಲಿದ್ದಾಗ ನಾನು ಹಿತ್ತಿಲ ಬಾಗಿಲಿಂದ ಒಳಗೆ ನುಸುಳಿ, ಅಕ್ಕನ ಎಲೆಯಿಂದ ಕೈಗೆ ಸಿಕ್ಕಿದ ಕೋಳಿ ತುಂಡನ್ನು ಬಾಯಿಗೆ ಹಾಕಿಕೊಂಡು ಓಡಿ ಬಂದೆ. ಜಗಲಿಯಲ್ಲಿ ಕೂತ ಮೇಲೆ ನೆನಪಾಯಿತು, ಅಕ್ಕ ಖಾರ ಮುಟ್ಟುತ್ತಿರಲಿಲ್ಲ. ಕೆಟ್ಟೆ ಅಂದುಕೊಂಡೆ. ಬಾಗಿಲು ತೆರೆದ ಅಮ್ಮ ಆ ಎಲೆಯನ್ನು ಬಹಳ ಹೊತ್ತು ನೋಡಿದರು.

"ಖಾರ ತಿಂದಿದ್ದಾಳೆ. ದೊಡ್ಡವಳಾಗಿದ್ದಾಳೆ ಅಲ್ವಾ?" ಅಂದರು. ಅಂದು ಹೊಟ್ಟೆ ತುಂಬ ಉಂಡರು.

ಆಮೇಲೆ ಪ್ರತಿ ಆಟಿಯಲ್ಲೂ ನನ್ನದು ಅದೇ ಕಳ್ಳತನ, ಪ್ರತಿ ವರ್ಷವೂ ಅಕ್ಕ ಬೆಳೆದಳು. ಬಳೆಗಾರ ಬಂದರೆ ಅಮ್ಮ ಅವಳ ಕೈಯ ಅಳತೆಯನ್ನೂ ಅಂದಾಜು ಮಾಡುತ್ತಿದ್ದರು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಒಳಕೋಣೆಗೆ ಕಾಲಿಡುವ ಮೊದಲು "ನಾನು" ಎಂದು ಮೆಲ್ಲಗೆ ಹೇಳುವ ಅಭ್ಯಾಸ ಯಾವಾಗ ಶುರುವಾಯಿತೋ ಗೊತ್ತಿಲ್ಲ.

ಅರವತ್ತರ ದಶಕದಲ್ಲಿ ನನಗೆ ಬಂದ ಎರಡು ಸಂಬಂಧಗಳು ತಪ್ಪಿಹೋದವು. ಪ್ರಶ್ನೆ ಇಟ್ಟು ಕೇಳಿದರೆ, "ಪ್ರಾಯಕ್ಕೆ ಬಂದ ಹುಡುಗಿ ಒಬ್ಬಳು ಆಚೆ ಉಂಟು. ಮೊದಲು ಅವಳದ್ದಾಗಲಿ," ಎಂದರು ಜೋಯಿಸರು. ನಮ್ಮಲ್ಲಿ ಸತ್ತ ಮಕ್ಕಳಿಗೂ ಹೆಣ್ಣು ಗಂಡು ನೋಡಿ ಮದುವೆ ಮಾಡುವುದುಂಟು. ಎಳವೆಯಲ್ಲೇ ಮಗನನ್ನು ಕಳೆದುಕೊಂಡ ಮನೆಯೊಂದು ಕಾರ್ಕಳದಲ್ಲಿ ಸಿಕ್ಕಿತು. ಅಕ್ಕ ಬೆಳೆದಿದ್ದಾಳೆ ಎನ್ನುವುದಕ್ಕೆ ಇದ್ದ ಸಾಕ್ಷಿ ನನ್ನ ಬೆರಳು ಮಾತ್ರ. ಹೇಳಿಬಿಡೋಣವೆಂದು ಅಮ್ಮನ ಹತ್ತಿರ ಹೋದೆ. ಅವರು ಅಕ್ಕನಿಗೆ ತಂದ ಸೀರೆಯನ್ನು ಮಡಚುತ್ತಿದ್ದರು.

"ಎಂತ?" ಅಂದರು.

"ಎಂತ ಇಲ್ಲ," ಅಂದೆ.

ನಮ್ಮ ಅಂಗಳದಲ್ಲೇ ಧಾರೆ ಆಯಿತು. ಒಂದು ಮಣೆಯ ಮೇಲೆ ಸೀರೆ, ಬಳೆ; ಇನ್ನೊಂದರ ಮೇಲೆ ಪಂಚೆ, ಶಾಲು. ಹುಡುಗನ ತಾಯಿ ಆ ಶಾಲನ್ನು ಸವರುತ್ತ ಅಳುತ್ತಿದ್ದರು. ಮದುಮಗಳನ್ನು ಮನೆ ತುಂಬಿಸಲು ಉಡುಪಿಯಲ್ಲಿ ಕಾರ್ಕಳದ ಬಸ್ಸು ಹಿಡಿದೆವು. ಅಮ್ಮ ಸೀರೆಯ ಗಂಟನ್ನು ಪಕ್ಕದ ಸೀಟಿನಲ್ಲಿಟ್ಟರು. ಮಣಿಪಾಲದಲ್ಲಿ ಹತ್ತಿದವರೊಬ್ಬರು ಅದನ್ನು ಸರಿಸಲು ಹೋದಾಗ ಕಂಡಕ್ಟರ್, "ಅಲ್ಲಿ ಜನ ಉಂಟು," ಎಂದು ತಗ್ಗಿದ ದನಿಯಲ್ಲಿ ಹೇಳಿದ. ಅವರು ಹಿಂದೆ ಹೋಗಿ ನಿಂತರು. ನಾನೂ ನಿಂತೇ ಇದ್ದೆ. ತಿರುವಿನಲ್ಲಿ ಬಸ್ಸು ವಾಲಿದಾಗ ಆ ಸೀಟಿನ ಮೇಲೆ ಬೀಳದಂತೆ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಮುಂದಿನ ಆಟಿಗೆ ನಮ್ಮ ಸಾಲಿನಲ್ಲಿ ಅಕ್ಕನ ಎಲೆ ಇರಲಿಲ್ಲ; ಅವಳಿಗೆ ಬಡಿಸುವುದು ಇನ್ನು ಗಂಡನ ಮನೆಯವರು. ವಾರದ ಮೇಲೆ ಹುಡುಗನ ತಾಯಿ ಕಾಪುವಿಗೆ ಬಂದರು. ಜಗಲಿಯಲ್ಲಿ ಕೂತು ನೀರು ಕುಡಿದು, "ಇಬ್ಬರೂ ಬಂದಿದ್ದರು. ಎರಡೂ ಎಲೆಯಲ್ಲಿ ಉಂಡಿದ್ದಾರೆ," ಎಂದರು. ಅಮ್ಮ ಅವರ ಕೈ ಹಿಡಿದುಕೊಂಡು ಅತ್ತರು.

ಅಲ್ಲಿಯೂ ನನ್ನಂಥವಳೊಬ್ಬಳು ಇರಬೇಕು ಎಂದು ಸಮಾಧಾನ ಹೇಳಿಕೊಂಡೆ. ವಿಚಾರಿಸಿದೆ. ಅವರ ಮನೆಯಲ್ಲಿ ಇದ್ದದ್ದು ಗಂಡಹೆಂಡತಿ ಇಬ್ಬರೇ, ಆ ದಿನ ಇಬ್ಬರೂ ಜಗಲಿ ಬಿಟ್ಟು ಎದ್ದಿರಲಿಲ್ಲ. ಬೆಕ್ಕು ಇದ್ದೀತು. ಇರಬಹುದು. ಆದರೆ ಅಮ್ಮನಿಗೋಸ್ಕರ ಸುಳ್ಳು ಹೇಳುತ್ತಿದ್ದೇನೆ ಎಂದು ಅಷ್ಟು ವರ್ಷ ತಿಳಿದಿದ್ದ ನನಗೆ ಅಂದು ಹೊಟ್ಟೆಕಿಚ್ಚಾಯಿತು. ಗುರುತಿಲ್ಲದವರ ಮನೆಗೆ ಮೊದಲ ವರ್ಷವೇ ಹೋದಳು, ನಮ್ಮಲ್ಲಿಗೆ ಒಮ್ಮೆಯೂ ಬರಲಿಲ್ಲ.

ಬಾರದೆ ಇದ್ದಳೆಂದು ಹೇಗೆ ಹೇಳಲಿ? ಮೂರನೆಯ ವರ್ಷದಿಂದ ಪ್ರತಿ ಸಲವೂ ಅವಳಿಗಿಂತ ಮೊದಲು ಒಳಗೆ ಹೋದವಳು ನಾನು.