ವರುಣೆಯ ಆಚೆ

ಬನಾರಸಿಗೆ ಬ್ಯಾಂಕಿನ ವರ್ಗವಾಗಿ ಬಂದ ಮೇಲೆ ನನ್ನ ಕನ್ನಡವೆಲ್ಲ ಫೋನಿನೊಳಗೇ ಉಳಿದುಬಿಟ್ಟಿತ್ತು. ಆಫೀಸಿನಲ್ಲಿ ಹಿಂದಿ, ತರಕಾರಿಯವನ ಹತ್ತಿರ ಅರೆಬರೆ ಭೋಜಪುರಿ, ಮನೆಗೆ ಬಂದರೆ ಗೋಡೆ. ಎಷ್ಟೋ ಸಲ ಕುಕ್ಕರಿಗೆ ಬೈಯುತ್ತಿದ್ದೆ, ಕನ್ನಡದಲ್ಲಿ ಬೈದಂತಾದರೂ ಆಗಲಿ ಅಂತ. ಊರ ಕಡೆ ವಾಪಸ್ ಕಳಿಸಿ ಎಂದು ಅರ್ಜಿಯನ್ನೂ ಹಾಕಿದ್ದೆ.

ಒಂದು ಶನಿವಾರ ಬನಾರಸಿನಲ್ಲೇ ಇರುವ ನಮ್ಮ ಕಡೆಯ ಮಠದಿಂದ ಫೋನ್ ಬಂತು. ಜೈಲಿನ ಹೆಂಗಸರ ಬ್ಯಾರಕ್ಕಿನಲ್ಲಿ ಒಬ್ಬ ಮುದುಕಿ ಇದ್ದಾಳೆ, ಕನ್ನಡ ಬಿಟ್ಟರೆ ಬೇರೆ ಬರುವುದಿಲ್ಲ, ಊಟ ಮುಟ್ಟುತ್ತಿಲ್ಲ, ಹೆಣ್ಣುಮಕ್ಕಳು ಯಾರಾದರೂ ಹೋದರೆ ಒಳ್ಳೆಯದು ಅಂದರು. ಜೈಲು ಅಂದರೆ ನನಗೆ ಭಯ. ಆದರೂ ಹೋದೆ. ನಿಜ ಹೇಳಬೇಕೆಂದರೆ, ಎದುರು ಕೂತು ಕನ್ನಡ ಮಾತಾಡಬಹುದಲ್ಲ ಅಂತಲೇ ಹೋದೆ.

ಆಗಿದ್ದು ಇಷ್ಟು. ಯಾರೋ ದೊಡ್ಡವರು ಬರುತ್ತಾರೆಂದು ಘಾಟ್‌ಗಳನ್ನು ತೊಳೆಸಿ, ಮೆಟ್ಟಿಲ ಮೇಲೆ ಮಲಗುತ್ತಿದ್ದವರನ್ನೆಲ್ಲ ಪೊಲೀಸರು ವ್ಯಾನಿಗೆ ತುಂಬಿದ್ದರು. ಶಾಂತಿಭಂಗದ ಕೇಸು. ಅಲ್ಲಾ, ಇಲ್ಲಿಯವರ ಜೊತೆ ಒಂದು ಮಾತೂ ಆಡಲು ಬಾರದ ಮುದುಕಿ ಯಾರ ಶಾಂತಿ ಭಂಗ ಮಾಡಿದಳಂತೆ! ಜಾಮೀನಿಗೆ ಮನೆಯವರು ಬಂದವರು ಹೊರಗೆ ಹೋಗಿದ್ದರು. ಯಾರೂ ಇಲ್ಲದವರು ಒಳಗೇ ಉಳಿದಿದ್ದರು.

"ಊರಿನ ಕಸ ಗುಡಿಸಿ ನಮ್ಮ ಬಾಗಿಲಿಗೆ ಹಾಕ್ತಾರೆ ಮೇಡಂ, ನಾವು ಎಲ್ಲಿಗೆ ಹಾಕೋಣ?" ಎಂದಳು ಜೈಲಿನ ಅಧಿಕಾರಿಣಿ. ಕೆಟ್ಟವಳಲ್ಲ, ಸುಸ್ತಾಗಿದ್ದಳು. ಸೋಮವಾರದೊಳಗೆ ಮುದುಕಿ ಊಟ ಮಾಡದಿದ್ದರೆ ಹುಚ್ಚಾಸ್ಪತ್ರೆಗೆ ಕಳಿಸುವುದೆಂದು ತೀರ್ಮಾನವಾಗಿತ್ತು. ಅಲ್ಲಿಗೆ ಹೋದ ಮೇಲೆ ಅವಳನ್ನು ಕೇಳುವವರು ಯಾರು?

ಮುದುಕಿ ಗೋಡೆಗೆ ಒರಗಿ ಕೂತಿದ್ದಳು, ಪಕ್ಕದಲ್ಲಿ ಮುಟ್ಟದ ರೊಟ್ಟಿಯ ತಟ್ಟೆ. "ಯಾಕಜ್ಜಿ ಊಟ ಬಿಟ್ಟಿದ್ದೀರಿ?" ಅಂದೆ. ನನ್ನ ಕೈ ಹಿಡಿದುಕೊಂಡು ಅತ್ತಳು. ನನಗೂ ಅಳು ತಡೆಯಲಾಗಲಿಲ್ಲ.

"ಗಂಡನ ಬೂದಿ ಗಂಗವ್ವಗ ಬಿಟ್ಟು ಇಲ್ಲೇ ಉಳಕೊಂಡೆ, ಯವ್ವಾ. ಸಾಯೂತನಕ ಕಾಶಿ ಗಡಿ ದಾಟಂಗಿಲ್ಲಂತ ವಿಶ್ವನಾಥನ ಮುಂದ ಆಣಿ ಮಾಡೇನಿ. ಮೆಟ್ಟಲದ ಮ್ಯಾಲ ಸತ್ತರೇನು, ಜೇಲಿನಾಗ ಸತ್ತರೇನು, ಕಾಶಿ ಕಾಶೀನ. ಕೂಳು ಬಿಟ್ಟರ ಲಗೂನ ಮುಗೀತೈತಿ."

ಮೋಕ್ಷ ಕೊಡುವ ಕಾಶಿ ಅಂದರೆ ವರುಣಾ ನದಿಗೂ ಅಸಿ ಹೊಳೆಗೂ ನಡುವಿನ ಜಾಗ ಮಾತ್ರ. ಆ ಜೈಲು ವರುಣೆಯ ಆಚೆ ಇತ್ತು. ಮುಚ್ಚಿದ ವ್ಯಾನಿನಲ್ಲಿ ಬಂದವಳಿಗೆ ಸೇತುವೆ ಎಲ್ಲಿ ಕಾಣಬೇಕು?

"ಅಜ್ಜಿ, ಇದು ಕಾಶಿಯಲ್ಲ. ಹೊಳೆ ದಾಟಿಸಿ ತಂದಿದ್ದಾರೆ."

ಮುದುಕಿ ನನ್ನ ಕೈ ಬಿಟ್ಟು ನೆಟ್ಟಗೆ ಕೂತಳು. ಆಮೇಲೆ ಶುರುವಾಯಿತು. "ಇವರ ಬಾಯಾಗ ಮಣ್ಣ ಹಾಕ! ಆಣೀನೂ ಮುರಿಸಿದ್ರು, ಇಲ್ಲಿ ಸತ್ತರ ಮೋಕ್ಷಾನೂ ಇಲ್ಲ! ಯಾರರೆ ಮೊದಲ ಹೇಳಬಾರದೇನ? ತಾ ಇತ್ತ ಆ ರೊಟ್ಟಿ!"

ಗಬಗಬ ತಿಂದಳು. ಅಧಿಕಾರಿಣಿ ಬಾಯಿ ಬಿಟ್ಟುಕೊಂಡು ನಿಂತಳು. ವಿಷಯ ತಿಳಿಸಿದೆ. ಅವಳು ನಗಲಿಲ್ಲ. ಜಾಮೀನಿಗೆ ಯಾರನ್ನು ನೋಡಬೇಕೆಂದು ತಾನೇ ಹೇಳಿಕೊಟ್ಟಳು.

ಸೋಮವಾರ ನಾನೇ ಜಾಮೀನು ನಿಂತೆ. ರಜೆ ಕೇಳಲು ಬೆಳಿಗ್ಗೆ ಬ್ಯಾಂಕಿಗೆ ಹೋದಾಗ, ಹುಬ್ಬಳ್ಳಿಗೆ ವರ್ಗ ಮಂಜೂರಾಗಿದೆ ಎಂದು ಮ್ಯಾನೇಜರು ಕೈಕುಲುಕಿದ್ದರು. ಎಷ್ಟು ಕಾದಿದ್ದೆ ಅದಕ್ಕೆ! ಅವತ್ತು ಯಾಕೋ ಖುಷಿಯೇ ಆಗಲಿಲ್ಲ.

ಆಟೋದಲ್ಲಿ ಕೂತ ಮೇಲೆ, "ನಾಲ್ಕು ದಿನ ನಮ್ಮನೇಲಿ ಇರಿ ಅಜ್ಜಿ" ಅಂದೆ.

"ನಿಮ್ಮ ಮನಿ ಹೊಳಿ ಆಚೆಗೋ, ಈಚೆಗೋ?"

ನನ್ನ ಬಾಡಿಗೆ ಮನೆಯೂ ಜೈಲಿನ ಹಾಗೆ ವರುಣೆಯ ಆಚೆಗೇ ಇತ್ತು. "ಹಂಗಾರ ಒಲ್ಲೆ ಮಗಳ" ಎಂದುಬಿಟ್ಟಳು. ನನಗೆ ತುಂಬಾ ಬೇಜಾರಾಯಿತು. ಊಟಕ್ಕೆ ಎರಡು ತಟ್ಟೆ ತೆಗೆದಿಟ್ಟು ಬಂದಿದ್ದೆ.

ಸೇತುವೆ ದಾಟುವವರೆಗೂ ಉಸಿರು ಬಿಗಿಹಿಡಿದಿದ್ದಳು. ಹರಿಶ್ಚಂದ್ರ ಘಾಟಿನಲ್ಲಿ, ಪೊಲೀಸರು ಎಬ್ಬಿಸಿದ್ದ ಅದೇ ಮೆಟ್ಟಿಲಿಗೆ ಹೋಗಿ ಕೂತಳು.

"ಮತ್ತೆ ಹಿಡ್ಕೊಂಡು ಹೋಗ್ತಾರೆ ಅಜ್ಜಿ."

"ಹೋಗ್ಲಿ ಬಿಡು. ಹೊಳಿ ಆಚೆ ಒಯ್ಯಬ್ಯಾಡ್ರಿ, ಈಚೆ ಎಲ್ಲೆರೆ ಇಡ್ರಿ ಅಂತ ಅವರ ಮಾತಿನಾಗ ಹೇಳಾಕ ನೀ ಅದೀಯಲ್ಲ."

ವರ್ಗದ ಮಾತು ಬಾಯಿಗೆ ಬಂತು, ಹೊರಗೆ ಬರಲಿಲ್ಲ. "ಹ್ಞೂಂ ಅಜ್ಜಿ, ಹೇಳ್ತೀನಿ" ಅಂದೆ. ಆಮೇಲೆ ವರುಣೆ ದಾಟಿ ಮನೆಗೆ ಬಂದು, ಒಂದು ತಟ್ಟೆ ಎತ್ತಿ ಒಳಗಿಟ್ಟೆ.