ಒಳಲೆಯಲ್ಲಿ ಅಳೆದ ನೀರು

ಮದುವೆಗೆ ಮುಂಚಿನಿಂದಲೂ ನಾನು ಬಾಳೂರಿನ ಕಡೆಯ ಒಂದು ಎಸ್ಟೇಟಿನ ಆಸ್ಪತ್ರೆಯಲ್ಲಿ ನರ್ಸು. ಬೆಳಗಾದರೆ ಪಥ್ಯದ ಪಂಚಾಯಿತಿ. ಜ್ವರಕ್ಕೆ ಹಾಲು ಆಗದು, ಬಾಣಂತಿಗೆ ಸೊಪ್ಪು ನಂಜು ಎಂದು ಯಾರೋ ಹೇಳಿದ್ದನ್ನೆಲ್ಲ ಹೊತ್ತು ಬರುತ್ತಿದ್ದರು. ನಾನು ಕೇಳುತ್ತಿದ್ದುದು ಒಂದೇ: "ಹೇಳಿದವ್ರು ಕಣ್ಣಾರೆ ಕಂಡಿದ್ದೋ, ಕೇಳಿದ್ದೋ?" ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಿದ್ದರು. ಆ ಪ್ರಶ್ನೆಯ ಬಗ್ಗೆ ನನಗೆ ಜಂಬವೇ ಇತ್ತು.

ನಾನೇ ಹೆತ್ತಾಗ ಜಂಬ ಇಳಿಯಿತು. ತಾಯಿಯಿಲ್ಲದ ನನ್ನ ಬಾಣಂತನಕ್ಕೆ ಅತ್ತೆ ಬಂದರು. ಬಂದ ದಿನವೇ ಕಿಟಕಿಗೆ ಗೋಣಿತಾಟು ಹೊಡೆಸಿದರು. ಮೆಣಸು, ಬೆಳ್ಳುಳ್ಳಿ ಕಲಸಿದ ಗಟ್ಟಿ ಅನ್ನ. ಮೇಲೆ ಬಿಸಿನೀರು, ಅದೂ ಮಗುವಿಗೆ ಹಾಲು ಕುಡಿಸುವ ಒಳಲೆಯಲ್ಲಿ ಅಳೆದು. ನೀರು ಹೆಚ್ಚು ಕುಡಿದರೆ ಬಾಣಂತಿಗೆ ಸನ್ನಿ ಹಿಡಿಯುತ್ತದಂತೆ. ಹಂಡೆ ಬಾಗಿಲಾಚೆ, ಬಾಗಿಲಿಗೆ ಅಡ್ಡವಾಗಿ ಅತ್ತೆಯ ಚಾಪೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರಾಗಿದ್ದ ಗಂಡ ಕಾಫಿ ಹಣ್ಣು ಕುಯ್ಲಿನ ಗಡಿಬಿಡಿಯಲ್ಲಿ, "ಅಮ್ಮ ಹೇಳ್ದಂಗೆ ಕೇಳು" ಎಂದು ಹೊರಗಿನಿಂದಲೇ ಹೇಳಿ ಕಣಕ್ಕೆ ಹೋಗುತ್ತಿದ್ದರು.

ಐದನೇ ದಿನಕ್ಕೆ ನಾಲಿಗೆ ಅಂಗುಳಿಗೆ ಅಂಟಿತು. ಎದೆಹಾಲು ಕಡಿಮೆಯಾಯಿತು. ಮಗು ಚೀಪಿ ಚೀಪಿ ಸೋತು ಅಳುತ್ತಿತ್ತು. ಎಷ್ಟೋ ಬಾಣಂತಿಯರಿಗೆ ನೀರು ಕುಡಿಸಿದವಳಿಗೆ ಒಂದು ಲೋಟ ನೀರಿಗೆ ದಿಕ್ಕಿಲ್ಲ. ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಯಿತು.

"ಅತ್ತೆ, ನೀರಿಂದ ಸನ್ನಿ ಬರೋದನ್ನ ನೀವು ಕಂಡಿದ್ದೋ, ಕೇಳಿದ್ದೋ?"

"ಕಂಡಿದ್ದೇ. ನನ್ನ ಮಗಳಿಗೆ ನಾನೇ ಕೈಯಾರೆ ಒಂದು ಚೊಂಬು ಕೊಟ್ಟೆ. ಸಂಜೆಗೆ ಹೋದ್ಲು."

ನಾದಿನಿ ಬಾಣಂತನದಲ್ಲಿ ತೀರಿಕೊಂಡದ್ದು ಗೊತ್ತಿತ್ತು, ಇದು ಗೊತ್ತಿರಲಿಲ್ಲ. ನನ್ನ ಪ್ರಶ್ನೆಗೆ ನಾನೇ ಸಿಕ್ಕಿಬಿದ್ದೆ. ಅಲ್ಲಿಗೇ ಸುಮ್ಮನಾಗುತ್ತಿದ್ದೆನೇನೋ, ಮಗು ಮತ್ತೆ ಅತ್ತಿತು.

"ಜ್ವರ ಯಾವಾಗ ಬಂತು? ನೀರು ಕುಡಿದ ಮೇಲಾ?"

"ಇಲ್ಲ ಮಾರಾಯ್ತಿ. ಜ್ವರ ಬಂದಿದ್ಕೇ ನೀರು ನೀರು ಅಂದಿದ್ದು. ಎರಡು ದಿನ ಅಂಗಲಾಚಿದ್ಲು. ನಾನು ಕೊಡ್ಲಿಲ್ಲ. ಮೂರನೇ ದಿನ ನೋಡಕ್ಕಾಗ್ದೆ..."

ತಾವು ಹೇಳಿದ್ದು ತಮಗೇ ಕೇಳಿಸಿತ್ತು.

"ನೀವು ಕೊಟ್ಟ ನೀರಿಂದ ಹೋಗಿದ್ದಲ್ಲ ಅತ್ತೆ. ಜ್ವರ ಮೊದ್ಲೇ ಇತ್ತು," ಎಂದೆ.

ಅತ್ತೆ ಎದ್ದು ಹೋದರು. ತಿರುಗಿ ಬಂದಾಗ ಕೈಯಲ್ಲಿ ತುಂಬಿದ ಚೊಂಬು. ಅದನ್ನು ನನಗೆ ಕೊಟ್ಟು, ಗೋಡೆಗೆ ಮುಖ ಮಾಡಿ ಕುಳಿತರು. ನಾನು ಗಟಗಟನೆ ಕುಡಿಯತೊಡಗಿದೆ.

"ಹಂಗಾದ್ರೆ ಆ ಎರಡು ದಿನ ಕೊಡ್ಬೇಕಿತ್ತಾ?" ಎಂದು ಕೇಳಿದರು.

ನನಗೆ ಉತ್ತರ ಗೊತ್ತಿತ್ತು. ನೀರು ಮುಗಿದ ಮೇಲೂ ಚೊಂಬನ್ನು ಬಾಯಿಂದ ಇಳಿಸಲಿಲ್ಲ.